ಸಾಕು ಎಂದರೆ ಸಾಕು

ಬಹಳ ಹಿಂದೆ ರಸಪುರಿ ಎಂಬ ರಾಜ್ಯವಿತ್ತು. ಮಾವಿನ ಹಣ್ಣಲ್ಲ, ರಾಜ್ಯವೇ. ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ. ಇಸವಿ ಹೇಳಿದರೆ ಯಾರಾದರೂ ತಮ್ಮ ಬಗ್ಗೆಯೇ ಬರೆದದ್ದೆಂದು ತಿಳಿದು ನನ್ನ ಮನೆ ಬಾಗಿಲಿಗೆ ಬಂದಾರು. ಅಲ್ಲಿ ಶ್ರೀಮನ್ಮಹಾರಾಜ ರಸಿಕವರ್ಮರು ಪರಮ ಸೌಖ್ಯದಿಂದ ರಾಜ್ಯಭಾರ ಮಾಡಿಕೊಂಡಿದ್ದರು. ಸೌಖ್ಯವನ್ನು ಅವರು ನೋಡಿಕೊಳ್ಳುತ್ತಿದ್ದರು, ಭಾರವನ್ನು ಪ್ರಜೆಗಳು ಹೊರುತ್ತಿದ್ದರು.

ಮಹಾರಾಜರಿಗೆ ಮನರಂಜನೆಯೆಂದರೆ ಪಂಚಪ್ರಾಣ. ಊರ ಕೆರೆಯ ಮೇಲೆ ತೇಲುವ ನಾಟಕಶಾಲೆಯೊಂದನ್ನು ಕಟ್ಟಿಸಿದರು. ಅದು ಅವರ ಕನಸಿನ ಯೋಜನೆ. ಉದ್ಘಾಟನೆಯ ದಿನ ಮೊದಲನೇ ಅಂಕ ಮುಗಿಯುವ ಮೊದಲೇ ಮುಳುಗಿತು. ನಟರು ಈಜಿ ದಡ ಸೇರಿದರು, ಗುತ್ತಿಗೆದಾರ ಅವರಿಗಿಂತ ಮೊದಲು ಸೇರಿದ್ದ. ಅದನ್ನು ಮೇಲೆತ್ತುವ ಎರಡನೇ ಹಂತದ ಕಾಮಗಾರಿಗೆ ಟೆಂಡರ್ ಕರೆಯೋಣವೆಂದರೆ ಬೊಕ್ಕಸದಲ್ಲಿ ಇಲಿಯೂ ಇರಲಿಲ್ಲ.

ಮಹಾರಾಜರು ಹಣಕಾಸು ಮಂತ್ರಿ ಮಿತಭಟ್ಟರನ್ನು ಕರೆಸಿದರು. ಭಟ್ಟರಿಗೆ ಹೆಸರಿನಲ್ಲಿ ಮಾತ್ರ ಮಿತವಿತ್ತು.

"ಏನು ಭಟ್ಟರೇ, ಪ್ರಜೆಗಳ ಹತ್ತಿರ ಇನ್ನೇನೂ ಉಳಿದಿಲ್ಲವೇ?"

"ಪ್ರಭು, ಉಪ್ಪಿಗೆ ತೆರಿಗೆ ಹಾಕಿದ್ದೇವೆ, ಹುಳಿಗೆ ಹಾಕಿದ್ದೇವೆ, ಖಾರದ ಮೇಲೆ ಸೆಸ್ ಇದೆ. ಉಳಿದಿರುವುದು ಬರೀ ಹಸಿವು. ಅದನ್ನು ಅಧ್ಯಯನ ಮಾಡಲು ಸಮಿತಿ ರಚಿಸಿದ್ದೇವೆ. ಸಮಿತಿ ಸದ್ಯ ಊಟಕ್ಕೆ ಹೋಗಿದೆ."

"ಭೇಷ್! ತಮ್ಮಂಥ ಮಂತ್ರಿಯನ್ನು ಪಡೆದ ನಾವೇ ಧನ್ಯರು."

"ಛೆ ಛೆ, ತಮ್ಮಂಥ ಪ್ರಭುವನ್ನು ಪಡೆದ ಸಾಲ ಧನ್ಯ, ಪ್ರಭು."

ಸತ್ಯ ತಿಳಿಯಲು ಇಬ್ಬರೂ ಮಾರುವೇಷದಲ್ಲಿ ಹೊರಟರು. ಮಹಾರಾಜರು ಹೆಗಲಿಗೊಂದು ಟವೆಲ್ ಹಾಕಿಕೊಂಡರು. ಕಿರೀಟ ತೆಗೆಯುವುದು ಮರೆತುಹೋಯಿತು. ರಸಪುರಿಯ ಜನ ಮರ್ಯಾದೆಸ್ಥರು, ಗುರುತು ಸಿಕ್ಕಿದರೂ ಯಾರೂ ಹೇಳಲಿಲ್ಲ. ಒಂದು ಮದುವೆ ಮನೆಯಲ್ಲಿ ಪಂಕ್ತಿ ಕೂತಿತ್ತು. ಹೋಳಿಗೆ ಬಡಿಸುವವರು ಬಂದ ಹಾಗೆಲ್ಲ ಉಣ್ಣುವವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು, ಬೇಡವೇ ಬೇಡ" ಎನ್ನುತ್ತಿದ್ದರು. ಮಹಾರಾಜರ ಕಣ್ಣಲ್ಲಿ ನೀರು ಬಂತು.

"ನೋಡಿದಿರಾ ಭಟ್ಟರೇ! ನನ್ನ ಪ್ರಜೆಗಳಿಗೆ ಎಲ್ಲವೂ ಸಾಕಾಗಿದೆ. ಪಾಪ, ಇವರಿಗೆ ಬಲವಂತವಾಗಿ ತಿನ್ನಿಸುತ್ತಿದ್ದಾರೆ!"

ಇಲ್ಲೇ ನೋಡಿ ಎಡವಟ್ಟಾದದ್ದು. ರಸಪುರಿಯಲ್ಲಿ ಒಂದು ಪದ್ಧತಿಯಿತ್ತು. ಮೊದಲನೇ ಸಾಕು ಎಂದರೆ ಹಾಕಿ. ಎರಡನೇ ಸಾಕು ಎಂದರೆ ತುಪ್ಪವನ್ನೂ ಹಾಕಿ. ಅಡ್ಡ ಹಿಡಿದ ಬೆರಳುಗಳ ನಡುವೆ ಒಂದು ಹೋಳಿಗೆ ನುಸುಳುವಷ್ಟು ಸಂದಿ ಇರುತ್ತಿತ್ತು. ಎಲೆಯ ಮೇಲೆ ಬೋರಲು ಬಿದ್ದು ಸಾಕು ಎಂದರೆ ಮಾತ್ರ ನಿಜವಾಗಿ ಸಾಕು. ಅದರಲ್ಲೂ ಬೀಗರ ವಿಷಯ ಕೇಳಲೇಬೇಡಿ. ಬಾಯಿಬಿಟ್ಟು ಬೇಕು ಅಂದ ಬೀಗನಿಗೆ ಮಾನವಿಲ್ಲ; ಸಾಕು ಅಂದ ತಕ್ಷಣ ಕೈ ಹಿಂದೆ ತೆಗೆದ ಹೆಣ್ಣಿನ ಮನೆಯವರಿಗೆ ಮುಖವಿಲ್ಲ. ಹುಟ್ಟಿದ್ದು ಅರಮನೆಯಲ್ಲಾದ್ದರಿಂದ ಮಹಾರಾಜರು ಜೀವಮಾನದಲ್ಲಿ ಸಾಕು ಎಂದವರೇ ಅಲ್ಲ, ಅವರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಭಟ್ಟರಿಗೆ ಚೆನ್ನಾಗಿ ತಿಳಿದಿತ್ತು. ಅವರು ಮೀಸೆಯಲ್ಲೇ ನಕ್ಕು ಸುಮ್ಮನಿದ್ದರು.

ಮರುದಿನವೇ 'ಸಾಕು ಸುಗ್ರೀವಾಜ್ಞೆ' ಹೊರಬಿತ್ತು. "ಸಮಸ್ತ ಪ್ರಜೆಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಾಕು ಎಂದವನಿಗೆ ಸಾಕಾಗಿದೆ. ಸಾಕು ಎಂದ ಮೇಲೂ ಬಡಿಸುವುದು ದಂಡಾರ್ಹ ಅಪರಾಧ. ಪಂಕ್ತಿಯಲ್ಲಿ ಮಿಕ್ಕ ಪದಾರ್ಥವು ರಾಷ್ಟ್ರೀಯ ಉಳಿತಾಯವಾಗಿದ್ದು, ಅರಮನೆಯ ಉಗ್ರಾಣಕ್ಕೆ ಸೇರತಕ್ಕದ್ದು." ಪ್ರತಿ ಪಂಕ್ತಿಗೂ ಒಬ್ಬ ಸಾಕು ಇನ್‌ಸ್ಪೆಕ್ಟರ್ ಬಂದು ನಿಂತ. ಉಗ್ರಾಣಕ್ಕೆ ಹೋದ ಹೋಳಿಗೆ ಮೂರನೇ ದಿನ 'ರಾಜಭೋಗ' ಎಂಬ ಬ್ರ್ಯಾಂಡಿನಲ್ಲಿ ದುಪ್ಪಟ್ಟು ಬೆಲೆಗೆ ಅಂಗಡಿಗೆ ಬಂತು. ಜನ ಮದುವೆಗೆ ಹೋಗಿ ಅರೆಹೊಟ್ಟೆಯಲ್ಲಿ ಎದ್ದು, ದಾರಿಯಲ್ಲಿ ಅದೇ ಹೋಳಿಗೆಯನ್ನು ಕೊಂಡು ತಿಂದು ಮನೆಗೆ ಬರುತ್ತಿದ್ದರು. ಆರ್ಥಿಕತೆ ಚೇತರಿಸಿಕೊಂಡಿತೆಂದು ಆಸ್ಥಾನ ತಜ್ಞರು ಹೇಳಿದರು.

ಈಗ ನಿಂಗಾಜಮ್ಮನ ಕಥೆಗೆ ಬರೋಣ. ಸಂತೆಬೀದಿಯಲ್ಲಿ ಆಕೆಯದೊಂದು ಊಟದ ಮನೆ. ಗಂಡ ಹೋದ ಮೇಲೆ ಊರವರಿಗೆಲ್ಲ ಅನ್ನ ಹಾಕಿ ಒಬ್ಬಳೇ ಮಗಳು ಚೆನ್ನಾಜಿಯನ್ನು ಬೆಳೆಸಿದ್ದಳು. ಸಾಕು ಎಂಬ ಮಾತಿಗೆ ಆಕೆ ಬದುಕಿನಲ್ಲಿ ಪಾಲಿಸಿದ ಅರ್ಥ ಅದೊಂದೇ: ಮಕ್ಕಳನ್ನು ಸಾಕು. ಚೆನ್ನಾಜಿಗೆ ಗಂಡು ಗೊತ್ತಾಗಿತ್ತು, ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಆದರೆ ಹುಡುಗನ ದೊಡ್ಡಪ್ಪ ಬೋರಲಿಂಗೇಗೌಡರು ಹೂಂ ಅನ್ನದೆ ತಾಳಿ ಕಟ್ಟುವ ಹಾಗಿರಲಿಲ್ಲ. ಗೌಡರ ಮಾನವೆಲ್ಲ ಇದ್ದದ್ದು ಅವರ ಎಲೆಯ ಮೇಲೆ.

ಮದುವೆಯ ಹಿಂದಿನ ಮಧ್ಯಾಹ್ನ ಬೀಗರಿಗೆ ಊಟ. ಗೌಡರು ಮೊದಲನೇ ಹೋಳಿಗೆಯನ್ನು ಕಣ್ಣು ಮುಚ್ಚಿ ತಿಂದರು. ನಿಂಗಾಜಮ್ಮ ಎರಡನೆಯದನ್ನು ತಂದಳು.

"ಸಾಕು ಸಾಕು, ಬ್ಯಾಡ ಕಣಮ್ಮ," ಎಂದು ಗೌಡರು ಕೈ ಅಡ್ಡ ಹಿಡಿದರು. ಬೆರಳ ಸಂದಿ ಸಾಕಷ್ಟು ಅಗಲವಾಗಿತ್ತು.

ಇನ್‌ಸ್ಪೆಕ್ಟರ್ ಕೆಮ್ಮಿದ. ನಿಂಗಾಜಮ್ಮನ ಕೈ ಅಲ್ಲೇ ನಿಂತಿತು. "ದಮ್ಮಯ್ಯ ಸ್ವಾಮಿ, ಅವ್ರು ಬೀಗ್ರು. ಅವ್ರು ಸಾಕು ಅಂದ್ರೆ ಹಾಕು ಅಂತ," ಎಂದು ಪಿಸುಗುಟ್ಟಿದಳು.

"ನಂಗೊತ್ತಿಲ್ವ ತಾಯಿ? ನಮ್ಮನೇಲೂ ಬೀಗ್ರವ್ರೆ. ಆದ್ರೆ ಆದೇಶದಲ್ಲಿ ಹಂಗೆ ಬರ್ದಿಲ್ಲ," ಎಂದ ಇನ್‌ಸ್ಪೆಕ್ಟರ್.

ಗೌಡರು ಕಾದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ "ಸಾಕು ಅಂದ್ನಲ್ಲ!" ಎಂದರು. ಬೆರಳನ್ನು ಮತ್ತಷ್ಟು ಅಗಲಿಸಿದರು. ಹೋಳಿಗೆ ಬೀಳಲಿಲ್ಲ. ಗೌಡರ ಮುಖ ಕೆಂಪಾಯಿತು.

"ಎಷ್ಟೋ ಪಂಕ್ತೀಲಿ ಸಾಕು ಅಂದಿವ್ನಿ ಕಣಮ್ಮ. ಅದ್ನ ನಿಜ ಅಂತ ನಂಬ್ದೋರು ನೀವೇ ಮೊದ್ಲು! ಏಳ್ರೋ ಎಲ್ಲಾ, ಈ ಸಂಬಂಧ ಬ್ಯಾಡ."

ಈ ಬ್ಯಾಡ ನಿಜವಾದ ಬ್ಯಾಡ. ಒಳಗೆ ಚೆನ್ನಾಜಿ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಮಗಳ ಅಳು ಕೇಳಿ ನಿಂಗಾಜಮ್ಮನಿಗೆ ಎಲ್ಲಿತ್ತೋ ಸಿಟ್ಟು, ಸೌಟು ಹಿಡಿದೇ ಬಾಗಿಲಿಗೆ ಅಡ್ಡ ನಿಂತಳು.

"ಗೌಡ್ರೇ, ನನ್ ಕೈಗೆ ಹಗ್ಗ ಕಟ್ಟಿರೋರು ಬೇರೆಯೋರು. ಬನ್ನಿ ನನ್ ಜೊತೆ, ಕೇಳೇಬುಡವ!"

ಗೌಡರು ಹಿಂದೆ ಮುಂದೆ ನೋಡಿದರು. ಆಮೇಲೆ ಇನ್‌ಸ್ಪೆಕ್ಟರನ್ನು ನೋಡಿದರು. ಅವರಿಗೂ ಅರ್ಥವಾಯಿತು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಒಟ್ಟಿಗೇ ಅರಮನೆಗೆ ಹೊರಟರು. ದಾರಿಯಲ್ಲಿ ಅರೆಹೊಟ್ಟೆಯವರೆಲ್ಲ ಸೇರಿಕೊಂಡರು, ಅಂದರೆ ಇಡೀ ಊರು. ಅರಮನೆಯ ಮುಂದೆ ನಿಂತು ಕೂಗಿದರು: "ಸಾಕು! ನಿಮ್ಮ ಆಳ್ವಿಕೆ ಸಾಕು! ಸಾಕು! ಸಾಕು!"

ಉಪ್ಪರಿಗೆಯಲ್ಲಿ ಮಹಾರಾಜರು ಬೆವತುಹೋದರು. "ಭಟ್ಟರೇ, ಸಾಕು ಅನ್ನುತ್ತಿದ್ದಾರೆ. ನಮ್ಮದೇ ಕಾನೂನಿನ ಪ್ರಕಾರ ಸಾಕು ಎಂದರೆ ಸಾಕು. ಇಳಿಯಲೇಬೇಕಲ್ಲವೇ?" ಎನ್ನುತ್ತಾ ಕಿರೀಟಕ್ಕೆ ಕೈ ಹಾಕಿಯೇಬಿಟ್ಟರು.

"ಅಯ್ಯಯ್ಯೋ, ಕೈ ತೆಗೆಯಿರಿ ಪ್ರಭು! ಆ ಆಜ್ಞೆ ಬಾಳೆಲೆಗೆ ಅನ್ವಯ, ಸಿಂಹಾಸನಕ್ಕಲ್ಲ. ನಮ್ಮ ಸಂಸ್ಕೃತಿ ತಮಗೆ ತಿಳಿಯದೇ? ನಮ್ಮ ಜನ ಬೇಕಾದದ್ದನ್ನು ಬೇಕು ಅಂದದ್ದುಂಟೇ? ಸಂಕೋಚ. ಸಾಕು ಸಾಕು ಎನ್ನುತ್ತಾರೆ, ನಾವೇ ಬಲವಂತ ಮಾಡಿ ಬಡಿಸಬೇಕು."

"ಇಷ್ಟು ಜೋರಾಗಿ ಕೂಗುತ್ತಿದ್ದಾರಲ್ಲ?"

"ತಮ್ಮ ಆಳ್ವಿಕೆಗಾಗಿ ಅಷ್ಟು ಹಸಿದಿದ್ದಾರೆ, ಪ್ರಭು."

ಮಹಾರಾಜರು ಗದ್ಗದಿತರಾದರು. ಪ್ರಜೆಗಳ ಒತ್ತಾಯಕ್ಕೆ ಮಣಿದು ಇನ್ನೂ ಹತ್ತು ವರ್ಷ ಆಳುವುದಾಗಿ ಉಪ್ಪರಿಗೆಯಿಂದಲೇ ಸಾರಿದರು. ಬೀಗರು ಊಟ ಬಿಟ್ಟೆದ್ದು ಬಂದಿದ್ದಾರೆಂದು ಭಟ್ಟರಿಂದ ಕೇಳಿ, ಸಂತೋಷ ತಡೆಯಲಾರದೆ, ಆ ಊಟಕ್ಕೆ ತಾವೇ ಬರುವುದಾಗಿಯೂ ಸಾರಿದರು. ಪರಿವಾರ ಸಮೇತ ಬಂದರು. ಗೌಡರ ಎಲೆಯ ಜಾಗದಲ್ಲೇ ಕೂತರು. ಹೊಸದಾಗಿ ಕಲಿತ ಸಂಸ್ಕೃತಿಯಲ್ಲವೇ, ಪ್ರತಿ ಹೋಳಿಗೆಗೂ ಮಹಾರಾಜರು "ಸಾಕು" ಎನ್ನುವರು. ಭಟ್ಟರು "ಪ್ರಭುಗಳ ಸಾಕು ಎಂದರೆ ಬೇಕು, ಹಾಕಮ್ಮ" ಎನ್ನುವರು. ನಿಂಗಾಜಮ್ಮ ಹಾಕಿದಳು. ಬುಟ್ಟಿಯ ತಳ ಕಂಡಿತು, ತುಪ್ಪದ ಗಿಂಡಿ ಬರಿದಾಯಿತು. ಮಹಾರಾಜರು ದೀರ್ಘವಾಗಿ ತೇಗಿ, ವಧುವನ್ನು ಆಶೀರ್ವದಿಸಿ ಹೊರಟುಹೋದರು.

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿಕೊಂಡು ಹತ್ತಿರ ಬಂದ. "ತಾಯಿ, ಸಾಕು ಅಂದ್ಮೇಲೂ ಬಡ್ಸಿದ್ದಕ್ಕೆ ದಂಡ ಆಯ್ತದೆ."

"ಮಹಾರಾಜ್ರಿಗೇ ಕಣಪ್ಪ ಬಡ್ಸಿದ್ದು!"

"ಯಾರಿಗೆ ಅನ್ನೋ ಕಾಲಮ್ಮೇ ಇಲ್ಲ ತಾಯಿ."

ಮಗಳಿಗೆಂದು ಮಾಡಿಸಿದ್ದ ಕಿವಿಯೋಲೆಯನ್ನು ನಿಂಗಾಜಮ್ಮ ಪೆಟ್ಟಿಗೆಯಿಂದ ತೆಗೆದು ಅವನ ಕೈಗೆ ಹಾಕಿದಳು. ಆಮೇಲೆ ಕಂಬಕ್ಕೆ ಒರಗಿ ಕೂತುಬಿಟ್ಟಳು.

ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಬೋರಲಿಂಗೇಗೌಡರು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಕುಂತ್ಕಳ್ರೋ," ಎಂದು ತಮ್ಮವರನ್ನು ಗದರಿದರು. ಆಮೇಲೆ ಯಾವ ಬೀಗನೂ ಆಡದ ಮಾತನ್ನು ಆಡಿದರು: "ನಿಂಗಾಜಮ್ಮ, ಹೊಟ್ಟೆ ಹಸೀತದೆ. ಏನದೋ ಅದ್ನೇ ಹಾಕವ್ವ. ಬೆಳಿಗ್ಗೆ ತಾಳಿ ಕಟ್ಟಿಸ್ಬೇಕು."

ಮಿಕ್ಕಿದ್ದದ್ದು ಅನ್ನ, ಮಜ್ಜಿಗೆ. ನಿಂಗಾಜಮ್ಮ ಕಣ್ಣೊರೆಸಿಕೊಂಡು ಎದ್ದು ಬಡಿಸಿದಳು. ಎರಡನೇ ಸೌಟು ಬಂದಾಗ ಅಭ್ಯಾಸಬಲದಿಂದ ಗೌಡರ ಬಾಯಿಗೆ "ಸಾ..." ಎಂದು ಬಂತು. ಇನ್‌ಸ್ಪೆಕ್ಟರ್ ಕತ್ತೆತ್ತಿದ. ಗೌಡರು ಉಳಿದರ್ಧವನ್ನು ಅನ್ನದ ಜೊತೆ ನುಂಗಿಕೊಂಡರು.

ಆ ಹತ್ತು ವರ್ಷ ಪ್ರಜೆಗಳೇ ಮಹಾರಾಜರನ್ನು ಸಾಕಿದರು. ನಾಟಕಶಾಲೆಯನ್ನು ಮೇಲೆತ್ತಲಾಯಿತು, ವಿಜೃಂಭಣೆಯಿಂದ ಮತ್ತೆ ಮುಳುಗಿಸಲಾಯಿತು. ರಸಪುರಿಯಲ್ಲಿ ಈಗ ಊಟಕ್ಕೆ ಕೂತವರು ಯಾರೂ ಸಾಕು ಅನ್ನುವುದಿಲ್ಲ. ಅರಮನೆಯ ಕಡೆ ಮುಖ ಮಾಡಿಯಂತೂ ಅನ್ನುವುದೇ ಇಲ್ಲ. ಅಂದರೆ ಇನ್ನೊಂದು ಹತ್ತು ವರ್ಷ ಬಡಿಸಿಬಿಡುತ್ತಾರೆ.