ನನ್ನ ಹೆಸರು ಹೊರಬೇಕಾಗಿದ್ದ ಪತಂಗ

ಚಿಂತೆಯಿಲ್ಲದ ಮನುಷ್ಯರನ್ನು ಕಂಡರೆ ನನಗೆ ಅವರ ಬಗ್ಗೆ ಚಿಂತೆಯಾಗುತ್ತದೆ. ಮಳೆ ಬಂದರೆ ಶಾಲೆಯ ಹೆಂಚು ಸೋರುವುದೆಂದು, ಬರದಿದ್ದರೆ ಬಾವಿ ಬತ್ತುವುದೆಂದು, ಹದವಾಗಿ ಬಂದರೆ ಹೀಗೆ ಎಷ್ಟು ದಿನ ನಡೆದೀತೆಂದು ಕೊರಗುವ ಪೈಕಿ ನಾನು. ನನ್ನ ಕೂದಲು ಉದುರಿದ್ದು ಈ ಚಿಂತೆಯಿಂದಲೇ ಎಂದು ನನ್ನ ಹೆಂಡತಿಯ ಮತ. ಉದುರುತ್ತಿದೆಯಲ್ಲ ಎಂಬ ಚಿಂತೆಯಿಂದ ಇನ್ನಷ್ಟು ಉದುರಿತೆಂದು ನನ್ನ ಮತ. ಏನಾದರಾಗಲಿ, ಮೈಸೂರು ಸೀಮೆಯಲ್ಲಿ ಮೇಷ್ಟರಾದವನಿಗೆ ರುಮಾಲು ಕಟ್ಟುವ ಪದ್ಧತಿ ಇದೆ, ದೇವರು ದೊಡ್ಡವನು. ಇಂಥ ನನಗೆ ಆ ಸಲ ಚಿಂತಿಸಲು ಸಿಕ್ಕಿದ್ದು ಒಂದು ಪತಂಗ.

ಕ್ಲೋಸ್‌ಪೇಟೆಯಲ್ಲಿ ನಾವು ಬಾಡಿಗೆಗಿದ್ದದ್ದು ಪುಟ್ಟಮ್ಮನೆಂಬ ರೈತಾಪಿ ಹೆಂಗಸಿನ ಮನೆಯ ಮುಂಭಾಗದಲ್ಲಿ. ಹಿಂಭಾಗದಲ್ಲಿ ಆಕೆ ರೇಷ್ಮೆ ಸಾಕುತ್ತಿದ್ದಳು. ಆಗತಾನೇ ಮಾಗಡಿಯ ತವರಿನಿಂದ ಮೊಟ್ಟೆಗೆಂದು ಬಿತ್ತನೆ ಗೂಡು ತಂದಿದ್ದು, ಅವು ಒಡೆದು ಮನೆ ತುಂಬ ಬಿಳಿಯ ರೇಷ್ಮೆ ಚಿಟ್ಟೆಗಳು. ಗಂಡು ಹೆಣ್ಣು ಜೋಡಿ ಹಾಕಿ, ಆಮೇಲೆ ಹೆಣ್ಣನ್ನು ಮೊಟ್ಟೆ ಇಡಲು ಬೇರೆ ಕೂರಿಸುವುದು ಆಕೆಯ ಕೆಲಸ. ಅವುಗಳ ನಡುವೆ ಒಂದು ಸಂಜೆ, ನಮ್ಮ ಜಗುಲಿಯ ಗೋಡೆಗೆ ಬೇರೊಂದು ಪತಂಗ ಬಂದು ಕೂತಿತು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನಾನು ನೋಡಿಲ್ಲವೆಂದರೆ ಏನೂ ಅರ್ಥವಿಲ್ಲ. ನಾನು ಶಿವಸಮುದ್ರವನ್ನೂ ನೋಡಿಲ್ಲ. ಆದರೆ ಅದೇ ವಾರ ಸರ್ಕಾರದ ಕೀಟಶಾಸ್ತ್ರದ ಅಧಿಕಾರಿಯೊಬ್ಬರು ನಮ್ಮ ಶಾಲೆಗೆ ಭಾಷಣಕ್ಕೆ ಬಂದರು. ನನಗಿಂತ ಚಿಕ್ಕ ವಯಸ್ಸು, ಒಳ್ಳೆಯ ಬೂಟು. ಭಾಷಣ ಮುಗಿದ ಮೇಲೆ ನಾನು ಹೆದರುತ್ತಲೇ ನನ್ನ ಪತಂಗವನ್ನು ಬಾಯಲ್ಲಿ ವರ್ಣಿಸಿದೆ. ಅವರು ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು.

"ನೀವು ಹೇಳುವಂಥದ್ದು ಯಾವ ಪುಸ್ತಕದಲ್ಲೂ ಇದ್ದ ಹಾಗಿಲ್ಲ ಮೇಷ್ಟ್ರೇ. ಸತ್ತರೆ ಬಣ್ಣ ಮಾಸುತ್ತದೆ. ಬದುಕಿರುವಾಗಲೇ ಕೂತು ವರ್ಣನೆ ಬರೆಯಿರಿ. ಭಾನುವಾರ ಚನ್ನಪಟ್ಟಣದ ಬಂಗಲೆಯಲ್ಲಿರುತ್ತೇನೆ. ಹುಳವನ್ನೂ ಬರೆದದ್ದನ್ನೂ ತನ್ನಿ. ಹೊಸ ಜಾತಿಯೇ ಆದರೆ ನಿಮ್ಮ ಹೆಸರನ್ನೇ ಇಡೋಣ" ಎಂದು ರೈಲಿಗೆ ಹೊರಟೇಬಿಟ್ಟರು.

ನನ್ನ ಹೆಸರು! ಹಾಜರಿಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ ಹೆಸರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆಗೆ ಬೇರೆಯೇ ಕಷ್ಟ ಕಾಣಿಸಿತು.

"ಚೆನ್ನಾಯ್ತು. ಅದು ದೀಪಕ್ಕೆ ಬಂದರೆ ಇಂಥಾದ್ದು ಬಂತು ಅಂತ ನಾನು ಬಾಯಲ್ಲಿ ಹೇಳೋ ಹಾಗಿಲ್ಲ. ಗಂಡನ ಹೆಸರಿನ ಹುಳ ಅಂದಮೇಲೆ ಪೊರಕೇಲಿ ಹೊಡೆಯೋ ಹಾಗೂ ಇಲ್ಲ. ಕೈಮುಗಿದು ನಿಂತುಕೊಳ್ಳಲಾ?"

ಇನ್ನೂ ಗೋಡೆಯಲ್ಲೇ ಕೂತಿದ್ದ ಪತಂಗವನ್ನು ಮಡಕೆಯ ಕೆಳಗೆ ಮುಚ್ಚಿಟ್ಟು, ಆಗಾಗ ಮಡಕೆ ಎತ್ತಿ ನೋಡುತ್ತ ವರ್ಣನೆಗೆ ಕೂತೆ. ಮೈ, ಮೀಸೆ, ಕಾಲು ಎಲ್ಲ ಸುಲಭವಾಗಿ ಆಯಿತು. ರೆಕ್ಕೆಯ ಬಣ್ಣಕ್ಕೆ ಬಂದಾಗ ಲೇಖನಿ ನಿಂತಿತು. ಕಂದು ಎಂದು ಬರೆದೆ. ಹೆಂಡತಿ ಬಗ್ಗಿ ನೋಡಿ, "ಕಂದು ಅಂತೆ! ಈರುಳ್ಳಿ ಸಿಪ್ಪೆ ಬಣ್ಣ ಅಲ್ವೇ ಇದು? ನಮ್ಮಕ್ಕನ ಸೀರೆ ನೋಡಿಲ್ವೇ ನೀವು?" ಎಂದಳು. ಮೊರ ಹಿಡಿದು ಬಂದ ಪುಟ್ಟಮ್ಮ ಒಪ್ಪಲಿಲ್ಲ. "ಈರುಳ್ಳಿ ಸಿಪ್ಪೆ ಎಲ್ಲೈತೆ ಅಮ್ಮಾವ್ರೇ? ಒಸಿ ಬೆಳಕ್ಗೆ ಇಡ್ದು ನೋಡಿ, ಹುರ್ದ ಮೆಂತ್ಯ ಕಣ್ರವ್ವ." ಅರ್ಧ ಗಂಟೆ ವಾದ ನಡೆದು, ಬುಡದಲ್ಲಿ ಮೆಂತ್ಯ, ತುದಿಯಲ್ಲಿ ಈರುಳ್ಳಿ ಸಿಪ್ಪೆ ಎಂದು ರಾಜಿಯಾಯಿತು. ಅಡ್ಡಕ್ಕೆ ಎರಡು ಎಳೆಯ ಅಂಚು, ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟಿನಂಥ ಮಚ್ಚೆ. ಮೂರು ಹಾಳೆ ತುಂಬಿತು. ಹೊಟ್ಟೆ ದಪ್ಪಗಿದ್ದುದರಿಂದ ಕೊನೆಗೆ 'ಹೆಣ್ಣು' ಎಂದು ಸೇರಿಸಿ, ಅದನ್ನು ಗಟ್ಟಿಯಾಗಿ ಓದಿದೆ. ಓದಬಾರದಿತ್ತು.

ಹುಳವನ್ನು ಕೊಂದು ಕರ್ಪೂರ ಹಾಕಿ ಇಡೋಣವೆಂದರೆ ಪುಟ್ಟಮ್ಮ ಕೈ ಅಡ್ಡ ಹಿಡಿದಳು. "ಕರ್ಪೂರ್ದ ವಾಸ್ನೆ ಬಡುದ್ರೆ ನನ್ನ ಚಿಟ್ಟೆ ಒಂದೂ ಮೊಟ್ಟೆ ಇಕ್ಕಾಕಿಲ್ಲ, ಬ್ಯಾಡಿ ಮೇಷ್ಟ್ರೇ." ಬಾಡಿಗೆ ಮನೆಯವನು ವಿಜ್ಞಾನಕ್ಕಾಗಿ ಎಷ್ಟು ಹೋರಾಡಬಹುದು? ಜೀವಂತವೇ ಒಯ್ಯುವುದೆಂದು ಮತ್ತೆ ಮಡಕೆ ಮುಚ್ಚಿದೆ. ಇರುವೆ ಬಂದೀತೆಂದು ಸುತ್ತ ನೀರಿನ ಗೆರೆ ಎಳೆದೆ. ಬೆಕ್ಕು ಬಂದೀತೆಂದು ಮೇಲೆ ಕಲ್ಲು ಹೇರಿದೆ. ಉಸಿರುಕಟ್ಟೀತೆಂದು ಅಂಚಿಗೆ ಕಡ್ಡಿ ಕೊಟ್ಟೆ. ಎಲ್ಲ ಕಡೆಯಿಂದಲೂ ಚಿಂತಿಸಿದ್ದೆ, ಪುಟ್ಟಮ್ಮನ ಮರುಕದ ಕಡೆಯೊಂದನ್ನು ಬಿಟ್ಟು.

ಭಾನುವಾರ ಬೆಳಗ್ಗೆ ಮಡಕೆ ಎತ್ತಿದರೆ ಒಳಗೆ ನಾಲ್ಕು ಚಿಟ್ಟೆ. ಮೂರು ಪುಟ್ಟಮ್ಮನ ರೇಷ್ಮೆಯ ಗಂಡುಗಳು, ಇನ್ನೂ ರೆಕ್ಕೆ ಬಡಿಯುತ್ತ ಗಿರಗಿರ ಸುತ್ತುತ್ತಿದ್ದವು. ನಾಲ್ಕನೆಯದು ಮೂಲೆ ಹಿಡಿದಿತ್ತು. ಅದರ ಮೈಮೇಲೆ ಮೆಂತ್ಯವಿಲ್ಲ, ಈರುಳ್ಳಿಯಿಲ್ಲ, ಅಂಚಿಲ್ಲ, ಬೊಟ್ಟಿಲ್ಲ. ಬಡಿದಾಟದಲ್ಲಿ ರೆಕ್ಕೆಯ ಪುಡಿಯೆಲ್ಲ ಉದುರಿ, ಎಣ್ಣೆ ಹೀರಿದ ಕಾಗದದ ಹಾಗೆ ನಿಂತಿತ್ತು.

"ಏನಮ್ಮಾ ಇದು ಪುಟ್ಟಮ್ಮ?" ಎಂದು ಕೂಗಿದೆ.

"ನೀವೇ ಓದುದ್ರಲ್ಲ, ಹೆಣ್ಣು ಅಂತ? ಒಂಟಿ ಹೆಣ್ಣು ಪಾಪ ಹಂಗೇ ಕುಂತಿತ್ತು. ನಮ್ಮನೇಲಿ ಜೋಡಿ ಇಲ್ದೆ ಹೆಣ್ಚಿಟ್ಟೆ ಮಡಗಾಕಿಲ್ಲ ಸಾಮಿ. ಮೊದ್ಲು ಒಂದ್ ಗಂಡು ಬುಟ್ಟೆ. ಅದ್ನ ಒಪ್ಪನಿಲ್ಲ. ಇನ್ನೆರಡು ಬುಟ್ಟೆ" ಎಂದಳು. ಆಮೇಲೆ ಒಂದು ಗಳಿಗೆ ನೋಡಿ, "ಒಸಿ ಜಂಬದ ಹೆಣ್ಣೇಯ" ಎಂದು ಸೇರಿಸಿದಳು.

ಆದರೂ ಅದನ್ನು ಒಂದು ಡಬ್ಬಿಗೆ ಹಾಕಿಕೊಂಡು ಹೋದೆ. ಚನ್ನಪಟ್ಟಣದ ಬಂಗಲೆಯಲ್ಲಿ ಅಧಿಕಾರಿಗಳು ಮೊದಲು ನನ್ನ ಹಾಳೆಗಳನ್ನು ಓದಿದರು. ಓದುತ್ತ ಓದುತ್ತ ಕುರ್ಚಿಯಲ್ಲಿ ಮುಂದೆ ಸರಿದರು. "ಖಂಡಿತ ಹೊಸದು!" ಎಂದರು. ಆಮೇಲೆ ಡಬ್ಬಿ ತೆರೆದರು. ಬಹಳ ಹೊತ್ತು ಭೂತಗನ್ನಡಿ ಹಿಡಿದು ನೋಡಿ, ಮೃದುವಾಗಿ ಹೇಳಿದರು: "ಮೇಷ್ಟ್ರೇ, ಇದು ಯಾವ ಹುಳ ಬೇಕಾದರೂ ಆಗಬಹುದು. ನಿಮ್ಮ ವರ್ಣನೆ ಬಹಳ ಚೆನ್ನಾಗಿದೆ. ಆದರೆ ಹೆಸರಿಡುವುದು ವರ್ಣನೆಗಲ್ಲವಲ್ಲ, ಹುಳಕ್ಕೆ."

ಮನೆಗೆ ಬಂದು ಜಗುಲಿಯ ಮೇಲೆ ಕುಸಿದೆ. ಹೆಂಡತಿ ಮಜ್ಜಿಗೆ ತಂದಿಟ್ಟು ಎಲ್ಲ ಕೇಳಿದಳು. ಲೋಕದಲ್ಲಿ ಎಲ್ಲಾದರೂ ಉಂಟೇ, ಬರೆದ ಪ್ರತಿಯೊಂದು ಅಕ್ಷರವೂ ನಿಜ, ಆದರೂ ಹುಳ ಮಾತ್ರ ಅದಲ್ಲವೆಂದರೆ ಹೇಗೆ, ಎಂದು ಗೋಳಾಡಿದೆ.

"ಉಂಟು" ಎಂದಳು ಆಕೆ. "ನಿಮ್ಮ ಸೋದರಮಾವ ನಮ್ಮಪ್ಪನ ಮುಂದೆ ಕೂತು ಹುಡುಗನನ್ನ ವರ್ಣಿಸಿದ್ದರು. ಹಿಡಿ ತುಂಬ ಜುಟ್ಟು, ಅಗಲವಾದ ಎದೆ, ಯಾವುದಕ್ಕೂ ಹೆದರದ ಜೀವ ಅಂತ. ಸುಳ್ಳೇನೂ ಹೇಳಿರಲಾರರು. ಆ ವರ್ಣನೆ ಇಟ್ಟುಕೊಂಡು ಇವತ್ತು ಹುಡುಕಿದರೆ ನೀವು ಸಿಕ್ತೀರಾ?"

"ಹಾಗಾದರೆ ನನ್ನನ್ನೇಕೆ ವಾಪಸು ಕಳಿಸಲಿಲ್ಲ?" ಎಂದೆ, ರೋಷದಿಂದ.

"ಆ ಅಧಿಕಾರಿ ಜಾಣ, ಹುಳ ನೋಡೋ ತನಕ ಹೆಸರು ಕಟ್ಟಲಿಲ್ಲ. ನನಗೆ ಮೊದಲೇ ನಿಮ್ಮ ಹೆಸರು ಕಟ್ಟಿ ಆಗಿತ್ತಲ್ಲ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಸೆಕೆ ಬಹಳವಿತ್ತು. ರುಮಾಲು ತೆಗೆಯಲೆಂದು ಎತ್ತಿದ ಕೈಯನ್ನು, ಹಿತ್ತಿಲ ಬಾಗಿಲಲ್ಲಿ ಪುಟ್ಟಮ್ಮ ನನ್ನನ್ನೇ ಮರುಕದಿಂದ ನೋಡುತ್ತಿದ್ದುದನ್ನು ಕಂಡು, ಮೆಲ್ಲಗೆ ಕೆಳಗಿಳಿಸಿದೆ.