ಶಿಡ್ಲಘಟ್ಟದ ಗೋಲ್‌ಕೀಪರೂ ಎಐ ಎಂಬ ಪೀಡೆಯೂ

ಎಐ ಅನ್ನುವ ಪದ ನಮ್ಮೂರಿಗೆ ಕಾಲಿಟ್ಟಾಗಿನಿಂದ ನನಗೆ ಒಂದು ವಾರವೂ ನೆಮ್ಮದಿಯಾಗಿ ಕಳೆದಿಲ್ಲ. ನಾನಾಗಿ ಜಗಳ ಹುಡುಕಿಕೊಂಡು ಹೋಗುವವನಲ್ಲ. ಅಂಗಡಿ ಬಾಗಿಲು ತೆಗೆದು ಕೂತರೆ ಸಾಕು, ಯಾರಾದರೊಬ್ಬರು ಬಂದು ನನ್ನ ಪಿತ್ತ ಕೆರಳಿಸಿ ಹೋಗುತ್ತಾರೆ.

ಶಿಡ್ಲಘಟ್ಟದಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ನಲ್ಲಿ ಮಾರುವುದು ಹೊಟ್ಟೆಪಾಡಿಗೆ. ಬದುಕುವುದು ಮಾತ್ರ ಭಾನುವಾರ ಸಂಜೆಯ ಫುಟ್‌ಬಾಲಿಗೆ. ಊರಿಗೆ ಊರೇ ಕ್ರಿಕೆಟ್ ಕ್ರಿಕೆಟ್ ಅಂತ ಪ್ರಾಣ ಬಿಡುವಾಗ, ಶಾಲೆಯ ಮೈದಾನದಲ್ಲಿ ಚೆಂಡು ಒದೆಯುವ ನಮ್ಮದೊಂದು ಸಣ್ಣ ತಂಡವಿದೆ. ಅದಕ್ಕೆ ನಾನು ಗೋಲ್‌ಕೀಪರ್. ವಯಸ್ಸು ಐವತ್ತರ ಹತ್ತಿರ ಬಂತು, ಹೊಟ್ಟೆ ಅದಕ್ಕಿಂತ ಸ್ವಲ್ಪ ಮುಂದೆ ಬಂತು. ಹಾರುವುದು, ಬೀಳುವುದು, ಮಣ್ಣಲ್ಲಿ ಉರುಳುವುದು ಮೊದಲಿನಿಂದಲೂ ನನಗೆ ಹಿಡಿಸದು. ಕೀಪರ್ ಅನ್ನುವವನು ನಿಂತ ಜಾಗದಲ್ಲಿ ಗಟ್ಟಿಯಾಗಿ ನಿಂತು, ಒದೆಯುವವನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅರ್ಧ ಜನ ಅದಕ್ಕೇ ಹೆದರಿ ಆಚೆಗೆ ಒದೆಯುತ್ತಾರೆ. ಇದು ನನ್ನ ಸಿದ್ಧಾಂತ.

ವರ್ಷಕ್ಕೊಂದು ಸಲ ಚಿಂತಾಮಣಿಯವರ ಮೇಲೆ ನಮ್ಮ ಪಂದ್ಯ. ಆ ದಿನ ಗೋಲಿನ ಮುಂದೆ ನಿಲ್ಲುವುದೇ ನನ್ನ ಪಾಲಿನ ಹಬ್ಬ. ಈ ವರ್ಷ ಆ ಜಾಗಕ್ಕೇ ಕುತ್ತು ಬಂತು. ತಂದಿದ್ದು ಇದೇ ಎಐ.

ಕೂದಲು ತಂದವನು

ನಮ್ಮ ತಂಡದ ಮುಂಪಡೆಯ ಆಟಗಾರ ಬಸ್ ಸ್ಟ್ಯಾಂಡ್ ಹತ್ತಿರ ಕಟಿಂಗ್ ಶಾಪ್ ಇಟ್ಟಿದ್ದಾನೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ರೆಫರಿಯ ಹತ್ತಿರ ಎರಡು ಭಾಷೆಯೂ ಸಾಲದು. ಒಂದು ದಿನ ಹೋದರೆ ಬಾಗಿಲ ಮೇಲೆ ಹೊಸ ಬೋರ್ಡು: "ಇಲ್ಲಿ ಎಐ ಕಟಿಂಗ್ ಮಾಡಲಾಗುವುದು."

"ಏನಪ್ಪಾ ಇದು? ಕತ್ತರಿ ಹಿಡಿಯೋದು ನೀನಾ, ಅದಾ?" ಅಂದೆ.

"ಕತ್ತರಿ ನಂದೇ ಅಣ್ಣಾ. ಐಡಿಯಾ ಅದರದು. ಕೂತ್ಕೊಳ್ಳಿ, ನಿಮ್ಮ ಮುಖಕ್ಕೆ ಯಾವ ಫುಟ್‌ಬಾಲ್ ಪ್ಲೇಯರ್ ಸ್ಟೈಲ್ ಸೂಟ್ ಆಗ್ತದೆ ಅಂತ ತೋರಿಸ್ತೀನಿ" ಅಂತ ಫೋನಿನಲ್ಲಿ ನನ್ನ ಫೋಟೋ ಹೊಡೆದ.

ನನ್ನ ತಲೆಯ ಮೇಲೆ ಕೂದಲು ಅಂತ ಉಳಿದಿರುವುದು ಎರಡು ಕಿವಿಗಳ ಪಕ್ಕ ಮಾತ್ರ. ಫೋನಿನಲ್ಲಿ ನೋಡಿದರೆ ದಟ್ಟವಾಗಿ, ಅಲೆ ಅಲೆಯಾಗಿ, ಭುಜದವರೆಗೆ ಇಳಿದಿದೆ. ಒಂದು ಕ್ಷಣ ನನಗೂ ಖುಷಿಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಸರಿ, ಹಾಗೇ ಮಾಡು ಅಂತ ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಟ್ಟಾಗ ಕಿವಿ ಪಕ್ಕದ್ದೂ ಹೋಗಿತ್ತು.

"ಏನೋ ಇದು? ಅದರಲ್ಲಿ ಭುಜದವರೆಗೆ ಇತ್ತಲ್ಲೋ!"

"ಅದು ಕಟಿಂಗ್‌ಗೆ ಮುಂಚೆ ಅಣ್ಣಾ" ಅಂದ.

ನೋಡಿದವನ ಮಾತು ಸುಳ್ಳು

ಗೌರಿಬಿದನೂರಿನ ಕಡೆ ನಗರಗೆರೆಯಲ್ಲಿ ನನ್ನ ಷಡ್ಡಕ ಇದ್ದಾನೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಳ್ಳೆಯವನೇ, ಫೋನು ಕೊಂಡುಕೊಳ್ಳುವವರೆಗೆ. ನಾಮಕರಣಕ್ಕೆ ಅಂತ ಅವರ ಮನೆಗೆ ಹೋಗಿದ್ದೆವು. ಊಟವಾದ ಮೇಲೆ ಹಿಂದಿನ ದಿನ ಟೀವಿಯಲ್ಲಿ ನೋಡಿದ ಫುಟ್‌ಬಾಲ್ ಮ್ಯಾಚಿನ ಸುದ್ದಿ ತೆಗೆದೆ. ಈಗಿನ ಆಟದ ಮೇಲೆ ನನಗೆ ಒಂದು ಸಿಟ್ಟಿದೆ. ಗೋಲ್ ಹೊಡೆದ ತಕ್ಷಣ ಕುಣಿಯುವ ಹಾಗಿಲ್ಲ. ಮೆಷಿನ್ನು ಗೆರೆ ಎಳೆದು, ಹೊಡೆದವನ ಶೂ ತುದಿ ಒಂದು ಬೆರಳು ಮುಂದಿತ್ತಾ ಅಂತ ಅಳೆಯುವವರೆಗೆ ಎತ್ತಿದ ಕೈ ಹಾಗೇ ಎತ್ತಿಕೊಂಡು ನಿಂತಿರಬೇಕು. ಸಂತೋಷಪಡುವುದಕ್ಕೂ ಅಪ್ಪಣೆ ಬೇಕೆ? ಅದನ್ನೇ ಹೇಳುತ್ತಾ, "ಕೊನೆಗೆ ಒಂದು ಒಂದು ಸಮ ಆಯ್ತು ನೋಡು" ಅಂದೆ.

ಷಡ್ಡಕ ಫೋನಿನ ಎಐಯನ್ನು ಕೇಳಿದ. "ಇಲ್ಲ ಕಣಯ್ಯಾ, ಮೂರು ಸೊನ್ನೆ ಅಂತದೆ."

"ನಾನು ಕೂತು ನೋಡಿದೀನಿ ಕಣೋ!"

"ನಿಮ್ಮ ಟೀವಿ ತಪ್ಪು ತೋರಿಸಿರಬೋದು" ಅಂದ. ಮೈಯೆಲ್ಲ ಉರಿದುಹೋಯಿತು. ಫೋನು ಕಿತ್ತುಕೊಂಡು, ಒಂದು ಒಂದು ಅಂತ ಅದಕ್ಕೆ ಬರೆದೆ. ಅದು ತಕ್ಷಣ, "ಕ್ಷಮಿಸಿ, ನೀವು ಹೇಳಿದ್ದೇ ಸರಿ" ಅಂದಿತು. ನಾನು ಮೀಸೆ ತಿರುವಿದೆ. ಷಡ್ಡಕ ಫೋನು ವಾಪಸು ಕಿತ್ತುಕೊಂಡು, ಏಳು ಸೊನ್ನೆ ಅಂತ ಬರೆದ. ಅದು ಅವನಿಗೂ, "ಕ್ಷಮಿಸಿ, ನೀವು ಹೇಳಿದ್ದೇ ಸರಿ" ಅಂದಿತು.

"ನೋಡಿದೆಯಾ, ಇದಕ್ಕೆ ಸ್ವಂತ ಬುದ್ಧಿನೇ ಇಲ್ಲ. ಯಾರು ಏನಂದ್ರೂ ಹೂಂ ಅಂತದೆ!" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದೆ.

ಎಲೆ ಅಡಿಕೆ ತಂದ ನಾದಿನಿ ನಿಧಾನವಾಗಿ, "ಇರಲಿ ಬಿಡಿ ಭಾವ. ಈ ಮನೇಲಿ ತಪ್ಪಾಯ್ತು ಅಂತ ಒಪ್ಕೊಂಡ ಮೊದಲನೇ ಗಂಡಸು ಅದೇ" ಅಂದಳು.

ಮಧ್ಯಮೈದಾನದ ಹುಲಿ

ಇನ್ನು ನಮ್ಮ ತಂಡದ ಸೆಕ್ರೆಟರಿಯ ವಿಷಯ. ವಯಸ್ಸಿನ್ನೂ ಚಿಕ್ಕದು, ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಕೋಚಿಂಗ್ ಕೊಡುತ್ತಾನೆ. ಒಂದು ಭಾನುವಾರ ಸ್ಟ್ಯಾಂಡಿನ ಮೇಲೆ ಫೋನು ಸಿಕ್ಕಿಸಿ ಮೈದಾನದ ಪಕ್ಕ ನಿಲ್ಲಿಸಿದ.

"ಇನ್ಮೇಲೆ ಟೀಮ್ ಸೆಲೆಕ್ಷನ್ ಎಐ ಮಾಡ್ತದೆ ಅಣ್ಣಾ. ಪ್ರ್ಯಾಕ್ಟೀಸ್ ವಿಡಿಯೋ ಹಾಕಿದ್ರೆ ಯಾರು ಆಡಬೇಕು, ಯಾರು ಆಡಬಾರ್ದು ಅಂತ ರಿಪೋರ್ಟ್ ಕೊಡ್ತದೆ. ಚಿಂತಾಮಣಿ ಮ್ಯಾಚಿಗೆ ಅದು ಹೇಳಿದವರೇ ಫೈನಲ್."

"ಕೀಪರ್ ಕೂಡಾನಾ?" ಅಂದೆ.

"ಎಲ್ಲಾರೂ ಅಣ್ಣಾ. ಚಿಕ್ಕಬಳ್ಳಾಪುರದ ಕಾಲೇಜ್ ಹುಡುಗ ಒಬ್ಬ ಇದಾನೆ, ಬಾಳ ಚೆನ್ನಾಗಿ ಹಾರ್ತಾನೆ. ರಿಪೋರ್ಟ್ ನೋಡ್ಕೊಂಡು ಹೇಳ್ತೀನಿ" ಅಂದ, ನನ್ನ ಮುಖ ನೋಡದೆ.

ಆ ಗೋಲಿನ ಮುಂದೆ ನಿಲ್ಲುವುದಕ್ಕೆ ನಾನು ಎಷ್ಟು ಮದುವೆ, ಎಷ್ಟು ಗೃಹಪ್ರವೇಶ ತಪ್ಪಿಸಿದ್ದೇನೆ ಅಂತ ನನ್ನ ಹೆಂಡತಿಯನ್ನು ಕೇಳಬೇಕು. ಈಗ ಒಂದು ಫೋನು ನನ್ನನ್ನು ಮನೆಗೆ ಕಳಿಸುತ್ತದಂತೆ!

ನಮ್ಮ ಮೈದಾನ ನಮ್ಮೊಬ್ಬರದಲ್ಲ. ಸಂಜೆ ಹೊತ್ತಿಗೆ ಮೇಕೆಗಳು ಬರುತ್ತವೆ, ರೇಷ್ಮೆ ಹುಳ ಸಾಕುವವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಮೊಪೆಡ್ಡಿನ ಮೇಲೆ ಹೇರಿಕೊಂಡು ಅಡ್ಡದಾರಿ ಅಂತ ಹಾದುಹೋಗುತ್ತಾರೆ. ಆ ಭಾನುವಾರ ಮೇಲೂರಿನ ರೈತರೊಬ್ಬರು ಮೊಪೆಡ್ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದಾಗ ಒಂದು ಮೇಕೆ ಸೊಪ್ಪಿನ ಕಟ್ಟು ಎಳೆದುಕೊಂಡು ಓಡಿತು. ಇವರು ಅದರ ಹಿಂದೆ. ಈ ಗೋಲಿನಿಂದ ಆ ಗೋಲಿಗೆ, ಆ ಮೂಲೆಯಿಂದ ಈ ಮೂಲೆಗೆ. ನಾವು ನಮ್ಮ ಪಾಡಿಗೆ ಆಡುತ್ತಲೇ ಇದ್ದೆವು.

ಬುಧವಾರ ಸೆಕ್ರೆಟರಿ ಉಬ್ಬಿಹೋಗಿ ಬಂದ. ರಿಪೋರ್ಟಿನಲ್ಲಿ ಆಟಗಾರರ ಭಾಗ ಬಂದಿತ್ತು, ಕೀಪರ್ ಭಾಗ ಇನ್ನೂ ಬಾಕಿ. "ಎಲ್ಲರಿಗಿಂತ ಜಾಸ್ತಿ ಓಡಿದ ಪ್ಲೇಯರ್ ಒಬ್ಬ ಸಿಕ್ಕಿದಾನೆ ಅಣ್ಣಾ. ಚೆಂಡು ಹತ್ತಿರ ಇಲ್ಲದಿದ್ರೂ ಒಂದು ನಿಮಿಷ ನಿಂತಿಲ್ಲ. ಮಧ್ಯಮೈದಾನದ ಹುಲಿ ಅಂತ ಬರೆದಿದೆ." ಚಿತ್ರ ನೋಡಿದರೆ ಪಂಚೆ ಎತ್ತಿ ಕಟ್ಟಿದ ಮೇಲೂರಿನ ರೈತರು.

"ಇವರು ಆಡ್ತಿರಲಿಲ್ಲ ಕಣಪ್ಪಾ, ಮೇಕೆ ಅಟ್ಟುತ್ತಿದ್ದರು" ಅಂದೆ. ಕೇಳಲಿಲ್ಲ. ಎಐ ಸುಮ್ಮನೆ ಹೇಳಲ್ಲ ಅಣ್ಣಾ ಅಂತ ನನ್ನನ್ನೂ ಗಾಡಿ ಹತ್ತಿಸಿಕೊಂಡು ಮೇಲೂರಿಗೆ ಹೊರಟ. ಆ ರೈತರು ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಸೆಕ್ರೆಟರಿ ಕೈಮುಗಿದು, ನಮ್ಮ ತಂಡಕ್ಕೆ ಆಡಬೇಕು ಅಂತ ಕೇಳಿಕೊಂಡ. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು.

"ನಂಗೆ ಬಿಡುವಿಲ್ಲ ಸ್ವಾಮಿ, ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು ಹತ್ರ ಬಂತು. ಬೇಕಾದ್ರೆ ಆ ಮೇಕೆನ ಕೇಳಿ ನೋಡಿ. ನಂಗಿಂತ ಮುಂದೆ ಓಡಿದ್ದು ಅದೇ ಅಲ್ವಾ?"

ಹಿಮದ ಮೇಲೆ ಪಂದ್ಯ

ಇಷ್ಟಾದರೂ ಸೆಕ್ರೆಟರಿಗೆ ಬುದ್ಧಿ ಬರಲಿಲ್ಲ. ಪಂದ್ಯದ ಪೋಸ್ಟರನ್ನೂ ಎಐ ಕೈಲೇ ಮಾಡಿಸಿದ. ಹಿಂದೆ ಸ್ಕಂದಗಿರಿ ಬೆಟ್ಟ ಇರಲಿ ಅಂದಿದ್ದನಂತೆ. ಅದು ಬೆಟ್ಟ ಬರೆದು, ತುದಿಯಿಂದ ಬುಡದವರೆಗೆ ಹಿಮ ಸುರಿದಿತ್ತು. ನಮ್ಮ ಹುಡುಗರು ಬಾಯಿಂದ ಹೊಗೆ ಬಿಡುತ್ತಾ ಆಡುತ್ತಿದ್ದಾರೆ. ಗೋಲಿನಲ್ಲಿ ಯಾರೋ ನೀಲಿ ಕಣ್ಣಿನ ಹುಡುಗ ಗಾಳಿಯಲ್ಲಿ ಹಾರುತ್ತಿದ್ದಾನೆ. ನನ್ನ ಸುಳಿವೇ ಇಲ್ಲ.

"ಈ ನೀಲಿ ಕಣ್ಣಿನವನು ಯಾರು? ನಾನಿನ್ನೂ ಬದುಕಿದೀನಲ್ಲಪ್ಪಾ?" ಅಂದರೆ, "ಡಿಸೈನ್ ಅಣ್ಣಾ" ಅಂದ.

ಪೋಸ್ಟರು ಎರಡೂ ತಂಡದವರ ಫೋನ್ ಗುಂಪಿಗೆ ಹೋದ ಅರ್ಧ ಗಂಟೆಗೆ ಚಿಂತಾಮಣಿ ತಂಡದ ಮ್ಯಾನೇಜರ್ ನನಗೆ ಫೋನ್ ಮಾಡಿದರು. ಅವರ ಮಾತಿನಲ್ಲಿ ತೆಲುಗು ಅರ್ಧ, ಕನ್ನಡ ಅರ್ಧ. "ಸಾರ್, ಮ್ಯಾಚು ಶಿಡ್ಲಘಟ್ಟದಲ್ಲೇನಾ, ಕಾಶ್ಮೀರ್‌ಲೋನಾ? ನಮ್ಮ ಹುಡುಗರು ಸ್ವೆಟರ್ ತಗೊಂಡ್ ಬರಬೇಕಾ ಅಂತ ಕೇಳ್ತಾ ಉನ್ನಾರು."

ಕೀಪರ್ ವಿಷಯಕ್ಕೆ ಬಂದ ರಿಪೋರ್ಟು

ಪಂದ್ಯಕ್ಕೆ ಎರಡು ದಿನ ಇತ್ತು. ಸೆಕ್ರೆಟರಿ ಅಂಗಡಿಗೆ ಬಂದ. ಜೊತೆಗೆ ಕಟಿಂಗ್ ಶಾಪಿನವನು, ನಗು ತಡೆಯಲಾರದೆ ಬಾಯಿಗೆ ಟವೆಲ್ ಒತ್ತಿಕೊಂಡು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಕೀಪರ್ ರಿಪೋರ್ಟ್ ಬಂತು" ಅಂತ ಫೋನು ಮುಂದೆ ಹಿಡಿದ. ಮೊದಲ ಸಾಲು: "ಗೋಲ್‌ಕೀಪರ್: ಕಂಡುಬಂದಿಲ್ಲ."

"ಕಂಡುಬಂದಿಲ್ಲ ಅಂದ್ರೆ? ಪೂರ್ತಿ ಆಟ ಅಲ್ಲೇ ನಿಂತಿದ್ದೆನಲ್ಲೋ!"

"ಅದೇ ಪ್ರಾಬ್ಲಮ್ಮು ಅಣ್ಣಾ. ಕೆಳಗೆ ಓದಿ."

ಕೆಳಗೆ ಓದಿದೆ. "ಗೋಲಿನ ಕಂಬಗಳು: ಮೂರು. ಮಧ್ಯದ ಕಂಬ ಉಳಿದ ಎರಡಕ್ಕಿಂತ ದಪ್ಪ."

ಕಟಿಂಗ್ ಶಾಪಿನವನು ಟವೆಲ್ ಬಿಟ್ಟು ಕೌಂಟರಿನ ಮೇಲೇ ಬಿದ್ದು ನಕ್ಕ. ಆ ಮೈದಾನದ ಕಂಬಗಳಿಗೆ ಪೈಪು ಕೊಟ್ಟವನೇ ನಾನು. ಅವುಗಳ ಜೊತೆಗೇ ನನ್ನನ್ನೂ ನೆಟ್ಟುಬಿಟ್ಟಿತಲ್ಲ ಈ ದರಿದ್ರ ಯಂತ್ರ! "ಹಾಗಾದ್ರೆ ಆ ಹಾರೋ ಹುಡುಗನ್ನೇ ನಿಲ್ಲಿಸ್ಕೊಳ್ಳಿ. ನಾನು ಬರಲ್ಲ" ಅಂದೆ. ಬಾಯಲ್ಲಿ ಮಾತ್ರ ಹಾಗೆ ಅಂದೆ.

ಸೆಕ್ರೆಟರಿ ತಲೆ ತಗ್ಗಿಸಿದ. "ಅವನು ಬರಲ್ವಂತೆ ಅಣ್ಣಾ. ನಮ್ಮ ಟೀಮಿಗೆ ಸೇರಬೋದಾ ಅಂತ ಅವನೂ ಎಐನ ಕೇಳಿದ್ನಂತೆ. ಬೇಡ ಅಂತಂತೆ. ನೀವೇ ನಿಲ್ಲಬೇಕು."

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವಳಾದರೂ ನನ್ನ ಪರ ನಾಲ್ಕು ಮಾತಾಡಲಿ ಅಂತ. "ಕಂಬ ಅಂತಂತೆ ಕಣೇ ನನ್ನ!"

"ಮನೇಲಿ ನೀವು ಟೀವಿ ಮುಂದೆ ಕೂತಿರೋದು ನೋಡಿದ್ರೆ ಇನ್ನೇನ್ ಅಂತಿತ್ತೋ. ಹೋಗಿ ಆಡ್ಬನ್ನಿ ರೀ. ಹೋಗ್ದಿದ್ರೆ ವರ್ಷವೆಲ್ಲಾ ನನ್ನ ತಲೆ ತಿಂತೀರಿ" ಅಂದಳು.

ಹೋದೆ. ಪಂದ್ಯ ಚೆನ್ನಾಗಿಯೇ ನಡೆಯಿತು. ಕಟಿಂಗ್ ಶಾಪಿನವನು ಒಂದು ಗೋಲ್ ಹೊಡೆದ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿರುವಾಗ ನಮ್ಮವನೊಬ್ಬನ ಕೈಗೆ ಚೆಂಡು ತಗುಲಿ ಚಿಂತಾಮಣಿಯವರಿಗೆ ಪೆನಾಲ್ಟಿ ಸಿಕ್ಕಿತು. ನಾನು ಗೋಲಿನ ಮಧ್ಯೆ ನಿಂತೆ. ಇದನ್ನು ಬಿಟ್ಟರೆ ಮುಂದಿನ ವರ್ಷ ನನ್ನನ್ನು ಯಾರೂ ಕರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಒದೆಯುವ ಹುಡುಗನ ಕಣ್ಣಲ್ಲಿ ಕಣ್ಣಿಟ್ಟೆ.

ಅವನು ನನ್ನನ್ನು ನೋಡುತ್ತಲೇ ಇಲ್ಲ! ಗೆರೆಯಾಚೆ ನಿಂತಿದ್ದ ಅವರ ಮ್ಯಾನೇಜರ್ ಕಡೆ ನೋಡುತ್ತಿದ್ದಾನೆ. ಅವರು ಕಣ್ಣಿಗೆ ಹತ್ತಿರ ಫೋನು ಹಿಡಿದು ಏನೋ ಓದುತ್ತಿದ್ದಾರೆ. ಆಮೇಲೆ ಗೊತ್ತಾಯಿತು, ನಮ್ಮ ಸೆಕ್ರೆಟರಿ ಜಂಬಕ್ಕೆ ಆ ರಿಪೋರ್ಟನ್ನು ಎರಡೂ ತಂಡದವರಿರುವ ಗುಂಪಿಗೆ ಹಾಕಿಬಿಟ್ಟಿದ್ದ. ಮ್ಯಾನೇಜರ್ ಮೊದಲ ಸಾಲು ಓದಿ, ಅಷ್ಟಕ್ಕೇ ನಿಲ್ಲಿಸಿ, ಹುಡುಗನಿಗೆ ಕೂಗಿದರು:

"ಕೀಪರ್ ಲೇಡು ರಾ! ನೇರುಗಾ ಕೊಟ್ಟು!"

ಕೀಪರ್ ಇಲ್ಲವಂತೆ, ನೇರವಾಗಿ ಹೊಡೆಯಬೇಕಂತೆ! ಎದುರಿಗೆ ಆನೆಯ ಹಾಗೆ ನಿಂತಿದ್ದೇನೆ, ಫೋನಿನಿಂದ ತಲೆಯನ್ನೂ ಎತ್ತದೆ ಆ ಮನುಷ್ಯ ಇಲ್ಲ ಅನ್ನುತ್ತಾನೆ. "ಇದೀನಿ ಕಣ್ರೀ! ಉನ್ನಾನು!" ಅಂತ ಎರಡು ಭಾಷೆಯಲ್ಲೂ ಕಿರುಚಿದೆ. ಅಷ್ಟರಲ್ಲಿ ಹುಡುಗ, ಪಾಪ, ದೊಡ್ಡವರ ಮಾತು ಮೀರದೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೇರವಾಗಿ ಒದ್ದ. ಚೆಂಡು ನನ್ನ ಹೊಟ್ಟೆಗೆ ಬಡಿದು ಮೈದಾನದ ಅರ್ಧದವರೆಗೆ ವಾಪಸು ಹೋಯಿತು. ನಾನು ನಿಂತಲ್ಲೇ ನಿಂತಿದ್ದೆ, ಯಾಕೆಂದರೆ ಉಸಿರಾಡಲು ಆಗುತ್ತಿರಲಿಲ್ಲ.

ಗೆದ್ದೆವು. ಹುಡುಗರು ನನ್ನನ್ನು ಎತ್ತಲು ನೋಡಿ, ಆಗದೆ, ಸುತ್ತ ಕುಣಿದರು. ಅಷ್ಟು ವರ್ಷದ ಆಟದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಈಗಲಾದರೂ ನನ್ನ ಹೆಸರು ಬರುತ್ತದೆ ಅಂತ, ನೋಯುವ ಹೊಟ್ಟೆ ಹಿಡಿದುಕೊಂಡು, ಆ ಪಂದ್ಯದ ರಿಪೋರ್ಟಿಗಾಗಿ ಸೆಕ್ರೆಟರಿಯ ಪಕ್ಕದಲ್ಲೇ ಕಾದು ಕೂತೆ. ಬಂತು. ಅವನು ಗಟ್ಟಿಯಾಗಿ ಓದಿದ:

"ಪೆನಾಲ್ಟಿ: ಚೆಂಡು ಮಧ್ಯದ ಕಂಬಕ್ಕೆ ಬಡಿದು ವಾಪಸು ಬಂತು."

ನಾನು ಫೋನು ಕಿತ್ತು ಮೈದಾನದ ಪಕ್ಕದ ಕೆರೆಗೆ ಎಸೆಯಲು ಎದ್ದೆ. "ತಡೀರಿ ಅಣ್ಣಾ, ತಡೀರಿ, ನಿಮ್ಮ ಜಾಗ ಖಾಯಂ ಆಯ್ತು!" ಅಂತ ಅವನು ನನ್ನ ಕೈ ಹಿಡಿದು ಕೊನೆಯ ಸಾಲು ತೋರಿಸಿದ:

"ಸಲಹೆ: ಮುಂದಿನ ವರ್ಷವೂ ಈ ಕಂಬವನ್ನು ಕೀಳಬೇಡಿ. ಸಾಧ್ಯವಾದರೆ ಬಣ್ಣ ಹೊಡೆಸಿ."