ಕಫೀಲರ ಸುಲ್ತಾನನ ಹೊಟ್ಟೆ

ನಾಯಿಮರಿಗೆ ಭೇದಿಯಾದರೆ ಮನುಷ್ಯರ ಇಕಾಮಾ ರದ್ದಾಗುತ್ತದೆಯೇ?

ಅನ್ನ ಬಸಿಯುವಾಗಲೂ ಇದೇ ಚಿಂತೆ, ಜಪಮಾಲೆ ಹಿಡಿದಾಗಲೂ ಇದೇ ಚಿಂತೆ. ನಗಬೇಡಿ! ಮರಿ ಬೇರೆ ಯಾರದ್ದೋ ಅಲ್ಲ, ನನ್ನ ಗಂಡ ಫ್ರೆಡ್ರಿಕ್‌ನ ಕಫೀಲರದ್ದು, ಅಂದರೆ ಅವನ ವೀಸಾಕ್ಕೆ ಹೊಣೆ ನಿಂತ ಧಣಿಯದ್ದು. ಅವರ ರುಜು ಬಿದ್ದರೆ ಮಾತ್ರ ನಮಗೆ ಕುವೈತಿನಲ್ಲಿ ವಾಸ. ನಮ್ಮ ವಾಸದ ಪರವಾನಗಿಯ, ಅದೇ ಇಕಾಮಾದ, ನವೀಕರಣದ ಕಾಗದ ಶರ್ಕ್‌ನ ಆಫೀಸಿನಲ್ಲಿ ಅವರ ಮೇಜಿನ ಮೇಲೆ ಕಾಯುತ್ತಿತ್ತು. ಅವರೋ ಸೆಕೆ ತಡೆಯಲಾರದೆ ಸಂಸಾರ ಸಮೇತ ಲಂಡನ್ನಿಗೆ ಹೋಗಿದ್ದರು. ಹೋಗುವಾಗ ತಮ್ಮ ಗ್ರೇಟ್ ಡೇನ್ ಮರಿಯನ್ನು ನಮ್ಮ ಸಾಲ್ಮಿಯಾದ ಫ್ಲಾಟಿನಲ್ಲಿ ಬಿಟ್ಟಿದ್ದರು. ಹೆಸರು ಸುಲ್ತಾನ್. ವಯಸ್ಸಿನಲ್ಲಿ ಮರಿ, ಗಾತ್ರದಲ್ಲಿ ಕರು.

"ಸಾಕಲಿಕ್ಕೆ ಆಗ್ತದಾ ಜೂಲಿ?" ಎಂದು ಫ್ರೆಡ್ರಿಕ್ ಅಂದೇ ಕೇಳಿದ್ದ.

"ಊಟ ಅಂದರೆ ಓಡುವ ಮಗ ಡಿಲನ್‌ನನ್ನೇ ಸಾಕಿದ್ದೇನೆ. ಇದು ಯಾವ ಲೆಕ್ಕ!" ಎಂದಿದ್ದೆ ನಾನು.

ಕಫೀಲರ ಹೆಂಡತಿ, ನಮ್ಮ ಮೇಡಂ, ನಾಯಿತಿಂಡಿಯ ದೊಡ್ಡ ಚೀಲ ಕೊಟ್ಟರು. ಜೊತೆಗೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಲೋಟ. ಅನುಕೂಲವಾಯಿತು, ಅಕ್ಕಿ ಡಬ್ಬಿಯೊಳಗೆ ಹಾಕಿಕೊಂಡೆ. ತಮ್ಮ ಲಂಡನ್ ನಂಬರನ್ನೂ ಬರೆದುಕೊಟ್ಟರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮೊದಲ ದಿನಗಳು ಸುಸೂತ್ರ. ಸುಲ್ತಾನ್ ತಟ್ಟೆಯನ್ನು ತೊಳೆಯುವ ಅಗತ್ಯವೇ ಇಲ್ಲದಂತೆ ನೆಕ್ಕಿ, ನನ್ನ ಮುಖ ನೋಡುತ್ತಿದ್ದ. ನಾನು ಮತ್ತೆ ಬಡಿಸುತ್ತಿದ್ದೆ. ಫ್ರೆಡ್ರಿಕ್ ಆಫೀಸಿನಿಂದ ಬಂದವನೇ, "ಎಂತ ಜೂಲಿ, ತಟ್ಟೆ ಖಾಲಿ ಉಂಟಲ್ಲ! ಕಫೀಲರ ಮರಿಯನ್ನು ಉಪವಾಸ ಹಾಕಿದ್ದಾ?" ಎಂದು ಇನ್ನೊಮ್ಮೆ ಬಡಿಸುತ್ತಿದ್ದ. ಡಿಲನ್, "ಮಮ್ಮಾ, ಹೀ ಈಸ್ ಸ್ಟಿಲ್ ಹಂಗ್ರಿ" ಎಂದು ತನ್ನ ಪಾಲಿನ ಚಪಾತಿಯನ್ನೂ ದಾನ ಮಾಡುತ್ತಿದ್ದ. ತನಗೆ ಊಟ ತಪ್ಪಿದರೆ ಅವನಿಗೂ ಸಂತೋಷವೇ.

ಆಮೇಲೆ ಶುರುವಾಯಿತು ಸುಲ್ತಾನನ ಹೊಟ್ಟೆಯ ದಂಗೆ! ಮೊದಲು ಬಾಲ್ಕನಿ ಹೋಯಿತು, ನಂತರ ಹಾಲ್, ಕೊನೆಗೆ ನನ್ನ ಮದುವೆಗೆ ಅಜ್ಜಿ ಕೊಟ್ಟ ಚಾಪೆ.

ಎದುರು ಫ್ಲಾಟಿನ ಝೀನತ್ ಬಾಗಿಲಲ್ಲೇ ನಿಂತು, ಮೂಗಿಗೆ ಶಾಲು ಹಿಡಿದು ಸಲಹೆ ಕೊಟ್ಟಳು. "ಜೂಲಿಯಕ್ಕ, ನಾನು ಒಳಗೆ ಬರುದಿಲ್ಲ. ಗಂಜಿ ಕೊಡಿ. ನಮ್ಮ ಮಗ ಸಫ್ವಾನ್‌ಗೆ ಹೊಟ್ಟೆ ಕೆಟ್ಟರೆ ಅದೇ ಮದ್ದು."

ಕುಚ್ಚಲಕ್ಕಿ ಗಂಜಿಗೆ ಮೊಸರು ಬೆರೆಸಿ ಇಟ್ಟೆ. ಕ್ಷಣದಲ್ಲಿ ಖಾಲಿ! ಹಸಿವೆ ಒಳ್ಳೆಯ ಲಕ್ಷಣವಲ್ಲವೇ? ಮತ್ತೊಂದು ಸೌಟು. ಅದೂ ಖಾಲಿ. ಮಗದೊಂದು. ಸಂಜೆಯ ಹೊತ್ತಿಗೆ ಭೇದಿ ಇಮ್ಮಡಿಸಿತ್ತು.

ಮರುದಿನ ಅವನನ್ನು ಕೆಳಗೆ ಕರೆದೊಯ್ಯುವಾಗ ಲಿಫ್ಟಿನಲ್ಲೇ ಅವನ ತಾಳ್ಮೆ ಮುಗಿಯಿತು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಹೊರಗೆ ಸೂಟು ಬೂಟಿನ ಒಬ್ಬ ಗೃಹಸ್ಥರು. ನನ್ನನ್ನು ನೋಡಿದರು, ಸುಲ್ತಾನನನ್ನು ನೋಡಿದರು, ನೆಲ ನೋಡಿದರು. "ನೀವು ಹೋಗಿ, ನನಗೆ ಮೆಟ್ಟಿಲು ಒಳ್ಳೆಯದು" ಎಂದರು.

ಪ್ರಾಣಿಗಳ ಡಾಕ್ಟರ ಬಳಿ ಹೋಗಬಾರದಿತ್ತೇ ಎನ್ನುತ್ತೀರಿ. ಆದರೆ ಆ ಡಾಕ್ಟರು ಕಫೀಲರ ಖಾಸಾ ದೋಸ್ತ್. ನಾವು ಮೆಟ್ಟಿಲಿಳಿಯುವ ಮೊದಲೇ ಸುದ್ದಿ ಲಂಡನ್ ಮುಟ್ಟುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸುಲ್ತಾನ್ ಏಳಲೇ ಇಲ್ಲ. ಡಿಲನ್ ಚೆಂಡು ಉರುಳಿಸಿದ. ಅವನು ಕಣ್ಣನ್ನಷ್ಟೇ ಹೊರಳಿಸಿದ. ಡಿಲನ್ ಅವನ ಪಕ್ಕದಲ್ಲೇ ನೆಲದ ಮೇಲೆ ಮಲಗಿ, ಕಿವಿ ಸವರುತ್ತಾ ಕೇಳಿದ: "ಮಮ್ಮಾ, ಈಸ್ ಹೀ ಗೋಯಿಂಗ್ ಟು ಡೈ?"

ಆ ಗಳಿಗೆಯಲ್ಲಿ ನನಗೆ ಇಕಾಮಾ ಮರೆತುಹೋಯಿತು. ಈ ದೊಡ್ಡ ತಲೆಯ, ದೊಡ್ಡ ಪಾದದ ಮಗುವನ್ನು ನಂಬಿಕೆಯಿಂದ ನನ್ನ ಕೈಗೆ ಕೊಟ್ಟಿದ್ದರು. ನಾನು ಹೆದರಿ, ಮುಚ್ಚಿಟ್ಟು, ಕೊಲ್ಲುತ್ತಿದ್ದೆ.

"ಫೋನ್ ಮಾಡಲಾ?" ಎಂದೆ.

"ಮಾಡು ಮಾರಾಯ್ತಿ. ಕಳಿಸಿದರೆ ಊರಿಗೆ ಹೋಗುವ, ಖಲಾಸ್" ಎಂದ ಫ್ರೆಡ್ರಿಕ್.

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಫ್ರಿಜ್ಜಿನ ಎದುರು ನಿಂತು ನಂಬರು ಒತ್ತಿದೆ. ಮೇಡಂ ಎತ್ತಿದ ಕೂಡಲೇ, ಮೊದಲ ಪಾಪನಿವೇದನೆಯ ಹುಡುಗಿಯಂತೆ, ಬಾಲ್ಕನಿಯಿಂದ ಲಿಫ್ಟಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿದೆ.

"ಎಷ್ಟು ಹಾಕುತ್ತೀ ಜೂಲಿ?" ಮೇಡಂ ಶಾಂತವಾಗಿ ಇಂಗ್ಲಿಷಿನಲ್ಲಿ ಕೇಳಿದರು.

"ಏನೂ ಕಡಿಮೆ ಮಾಡಿಲ್ಲ ಮೇಡಂ! ತಟ್ಟೆ ಖಾಲಿಯಾದ ಹಾಗೆ ಹಾಕುತ್ತೇನೆ. ನಮ್ಮಲ್ಲಿ ಅತಿಥಿ ತಟ್ಟೆಯಲ್ಲಿ ಒಂದಿಷ್ಟು ಉಳಿಸಿದರೇನೇ ಹೊಟ್ಟೆ ತುಂಬಿದ ಲೆಕ್ಕ. ಇವನು ಒಂದು ಸಲವೂ ಉಳಿಸಿಲ್ಲ..."

ಹೋಯಿತು ಇಕಾಮಾ, ಎಂದುಕೊಂಡೆ.

"ನಮ್ಮಲ್ಲೂ ಹಾಗೇ, ಜೂಲಿ" ಎಂದರು ಮೇಡಂ. "ಅದಕ್ಕೇ ಅವನನ್ನು ನನ್ನ ಅತ್ತೆಯ ಮನೆಯಲ್ಲಿ ಬಿಡಲಿಲ್ಲ. ನೀನು ಓದಿದವಳು, ಅಳತೆಯ ಲೋಟ ಕೊಟ್ಟರೆ ಸಾಕು ಎಂದುಕೊಂಡೆ! ನಾಯಿ ಎಲ್ಲಾದರೂ ತಟ್ಟೆಯಲ್ಲಿ ಉಳಿಸುತ್ತದೆಯೇ? ಡಾಕ್ಟರಿಗೆ ಈಗಲೇ ಹೇಳುತ್ತೇನೆ, ಮನೆಗೇ ಬರುತ್ತಾರೆ. ಅದೇನು, ಅಲ್ಲಿ ಗರಗರ ಶಬ್ದ?"

ತಿರುಗಿ ನೋಡಿದೆ. ಗಂಜಿಯ ಪರಿಮಳಕ್ಕೆ ಸುಲ್ತಾನ್ ಹೇಗೋ ಎದ್ದು ಬಂದು, ಖಾಲಿ ತಟ್ಟೆಯನ್ನು ನೆಲದ ಮೇಲೆ ನೂಕುತ್ತಾ ನೆಕ್ಕುತ್ತಿದ್ದ. ಡಿಲನ್ ಚಪ್ಪಾಳೆ ತಟ್ಟುತ್ತಿದ್ದ.

"ಸುಲ್ತಾನ್ ಎದ್ದ ಮೇಡಂ! ತಟ್ಟೆ ನೆಕ್ಕುತ್ತಿದ್ದಾನೆ!"

"ಒಳ್ಳೆಯದು. ಈಗ ನೀನು ಮೊದಲು ಆ ಸೌಟನ್ನು ಕೆಳಗಿಡು."

ನೋಡಿಕೊಂಡರೆ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತುಂಬಿದ ಸೌಟು!